ಸಂಘದ ಕಂಪ್ಯೂಟರಿಗೆ ಕಾವಲು: ಹೋಲಿಸಿ ನೋಡಿ ಆರಿಸುವ ಬಗೆ



ಬೆಳಿಗ್ಗೆ, ಸಂಜೆ ನೀವು ಸಂಘಕ್ಕೆ ಹಾಲು ಹಾಕಿದಾಗ ಕೈಗೊಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದರ ಎಷ್ಟು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಹಿಂದೆ ಈ ಲೆಕ್ಕವನ್ನು ಕಾರ್ಯದರ್ಶಿಯವರು ಕೈಯಲ್ಲಿ ಬರೆದಿಡುತ್ತಿದ್ದರು. ಈಗ ಬಹುಪಾಲು ಸಂಘಗಳಲ್ಲಿ ತೂಕದ ಯಂತ್ರ ಮತ್ತು ಹಾಲು ಪರೀಕ್ಷಿಸುವ ಯಂತ್ರ ಎರಡೂ ಕಂಪ್ಯೂಟರಿಗೆ ಜೋಡಣೆಯಾಗಿವೆ. ಬಟವಾಡೆ ಪಟ್ಟಿ ತಯಾರಾಗುವುದು ಅದರಲ್ಲಿ. ನಿಮ್ಮ ಬ್ಯಾಂಕ್ ಖಾತೆಯ ಸಂಖ್ಯೆ, ಆಧಾರ್ ಸಂಖ್ಯೆ, ಸರ್ಕಾರದ ಪ್ರೋತ್ಸಾಹಧನಕ್ಕೆ ಬೇಕಾದ ವಿವರ ಇರುವುದೂ ಅದರಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. 120 ಮಂದಿ ಹಾಲು ಹಾಕುವ ಒಂದು ಸಂಘ ಇದೆ ಎಂದುಕೊಳ್ಳಿ. ದಿನಕ್ಕೆ ಎರಡು ಹೊತ್ತಿನಂತೆ ವಾರಕ್ಕೆ 1,680 ನಮೂದುಗಳಾಗುತ್ತವೆ. ಬಟವಾಡೆಯ ಹಿಂದಿನ ದಿನ ಆ ಕಂಪ್ಯೂಟರ್ ಕೈಕೊಟ್ಟು ಈ ಲೆಕ್ಕವೆಲ್ಲ ಅಳಿಸಿಹೋದರೆ, ಯಾರ ಹಾಲು ಎಷ್ಟು ಎಂದು ಹೇಳುವವರು ಯಾರು? ಹಸುವಿಗೆ ಹಿಂಡಿ ಹಾಕಿದ ಖರ್ಚು ನಿಮ್ಮದು, ಕರೆದ ಶ್ರಮ ನಿಮ್ಮದು. ಆದ್ದರಿಂದ ಆ ಕಂಪ್ಯೂಟರಿನ ಕಾವಲೂ ನಿಮ್ಮ ಕಾಳಜಿಯ ವಿಷಯವೇ ಆಗಬೇಕು. ಅದನ್ನು ಕಾರ್ಯದರ್ಶಿಯವರೊಬ್ಬರ ತಲೆಗೆ ಕಟ್ಟಿ ಕೂರುವಂತಿಲ್ಲ.

ಮೈಸೂರಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಕೇಳಿದರೆ ಹತ್ತಾರು ಹೆಸರಿನ ರಕ್ಷಣಾ ತಂತ್ರಾಂಶಗಳನ್ನು ತೋರಿಸುತ್ತಾರೆ. ಪುಣೆಯ ಕ್ವಿಕ್ ಹೀಲ್ ಕಂಪನಿಯದ್ದಿದೆ. ಅದು ವ್ಯಾಪಾರ ಸಂಸ್ಥೆಗಳಿಗೆಂದು ಸೆಕ್ರೈಟ್ ಎಂಬ ಹೆಸರಿನಲ್ಲಿ ಬೇರೆಯೇ ತಂತ್ರಾಂಶ ಮಾರುತ್ತದೆ. ಚೆನ್ನೈನ ಕೆ7 ಇದೆ. ರೊಮೇನಿಯಾದ ಬಿಟ್‌ಡಿಫೆಂಡರ್, ಸ್ಲೊವಾಕಿಯಾದ ಈಸೆಟ್, ಬ್ರಿಟನ್ನಿನ ಸೋಫೋಸ್ ಇವೆ. ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಇದೆ. ಇವುಗಳಲ್ಲಿ ಇಂಥದನ್ನೇ ಕೊಳ್ಳಿ ಎಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಯಾವುದನ್ನೇ ಆಗಲಿ ಹೇಗೆ ಹೋಲಿಸಿ ನೋಡಬೇಕು, ಏನನ್ನು ಕೇಳಿ ಕೊಳ್ಳಬೇಕು ಎಂಬುದನ್ನು ತಿಳಿಸುವುದೇ ಇಲ್ಲಿನ ಉದ್ದೇಶ.

ಎಂಡ್‌ಪಾಯಿಂಟ್ ಎಂದರೇನು?

ಅಂಗಡಿಯವರು ಹೇಳುವ ‘ಎಂಡ್‌ಪಾಯಿಂಟ್’ ಎಂಬ ಮಾತಿಗೆ ‘ತುದಿಯ ಯಂತ್ರ’ ಎಂದು ಅರ್ಥ ಮಾಡಿಕೊಳ್ಳಬಹುದು. ದೊಡ್ಡ ಜಾಲವೊಂದರ ಕೊನೆಯಲ್ಲಿ ಮನುಷ್ಯರು ಕೈಯಿಟ್ಟು ಕೆಲಸ ಮಾಡುವ ಕಂಪ್ಯೂಟರ್, ಲ್ಯಾಪ್‌ಟಾಪ್, ಮೊಬೈಲ್ ಇವೆಲ್ಲ ತುದಿಯ ಯಂತ್ರಗಳೇ.

ನಮ್ಮ ಹಾಲಿನ ದಾರಿಯನ್ನೇ ನೋಡಿ. ಸಂಘದಿಂದ ಬಿ.ಎಂ.ಸಿ. ಕೇಂದ್ರಕ್ಕೆ, ಅಲ್ಲಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಮೈಸೂರಿನ ಡೇರಿಗೆ ಹಾಲು ಹೋಗುತ್ತದೆ. ಡೇರಿಯಲ್ಲಿ ಎಂಥ ಯಂತ್ರವಿದ್ದರೂ ಯಾವುದೋ ಹಳ್ಳಿಯಲ್ಲಿ ಒಡೆದ ಹಾಲಿನ ಒಂದು ಕ್ಯಾನು ಒಳಗೆ ಸೇರಿದರೆ ಇಡೀ ಟ್ಯಾಂಕರು ಕೆಡಬಹುದು. ಅದಕ್ಕೇ ನಾವು ಸಂಘದ ಬಾಗಿಲಲ್ಲೇ ಹಾಲನ್ನು ಪರೀಕ್ಷೆ ಮಾಡುವುದು. ಕಂಪ್ಯೂಟರಿನ ವಿಷಯವೂ ಹೀಗೆಯೇ. ಬ್ಯಾಂಕಿನಲ್ಲೂ ಒಕ್ಕೂಟದ ಕಚೇರಿಯಲ್ಲೂ ಒಳ್ಳೆಯ ರಕ್ಷಣೆ ಇರಬಹುದು. ಆದರೆ ಕಳ್ಳ ಒಳಗೆ ಬರುವುದು ಹೆಚ್ಚಾಗಿ ತುದಿಯ ಯಂತ್ರದಿಂದ: ಒಂದು ಪೆನ್‌ಡ್ರೈವ್, ಒಂದು ಇ-ಮೇಲ್, ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಕಡತ, ಇಷ್ಟು ಸಾಕು.

ನಡೆದ ಸಂಗತಿಗಳಿಂದ ಕಲಿಯಬೇಕಾದ್ದು

‘ಹಳ್ಳಿಯ ಸಂಘದ ಕಂಪ್ಯೂಟರಿನ ಮೇಲೆ ಯಾರ ಕಣ್ಣು ಬೀಳುತ್ತದೆ?’ ಎಂದು ಕೇಳುವವರಿದ್ದಾರೆ. ಅವರು ಕೆಳಗಿನ ನಾಲ್ಕು ಸಂಗತಿಗಳನ್ನು ಗಮನಿಸಬೇಕು.

ಒಂದು: 2017ರ ಮೇ 12ರಂದು ವಾನ್ನಾಕ್ರೈ ಎಂಬ ಪಿಡುಗು ಹಬ್ಬಲಾರಂಭಿಸಿ, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಅದು ಕಡತಗಳಿಗೆಲ್ಲ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳುತ್ತಿತ್ತು. ಇಂಥವನ್ನು ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಇದರಿಂದ ತತ್ತರಿಸಿದವು. ಅದೇ ಸಮಯದಲ್ಲಿ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಗಡಿಗೆ ಹೊಂದಿಕೊಂಡ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರುಗಳಿಗೂ ಬೀಗ ಬಿತ್ತು. ಪಂಚಾಯತಿ ಚಿಕ್ಕದು ಎಂದು ಪಿಡುಗು ಅದನ್ನು ಬಿಟ್ಟುಹೋಗಲಿಲ್ಲ. ಅದು ಬಾಗಿಲು ತೆರೆದಿರುವ ಯಂತ್ರವನ್ನಷ್ಟೇ ಹುಡುಕುತ್ತಿತ್ತು. ವಿಚಿತ್ರವೆಂದರೆ, ಆ ಬಾಗಿಲನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆಯೇ, 2017ರ ಮಾರ್ಚ್ 14ರಂದು ಕೊಟ್ಟಿತ್ತು. ಹಾಕಿಕೊಳ್ಳದೆ ಬಿಟ್ಟವರು ಹಗಲು ಕಂಡ ಬಾವಿಗೆ ಇರುಳು ಬಿದ್ದಂತಾಯಿತು.

ಎರಡು: 2021ರ ಅಕ್ಟೋಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶ್ರೈಬರ್ ಫುಡ್ಸ್ ಎಂಬ ದೊಡ್ಡ ಡೇರಿ ಸಂಸ್ಥೆಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ ಅದರ ಕಾರ್ಖಾನೆಗಳು ಕೆಲವು ದಿನ ನಿಂತವು. ಹಾಲು ಸಾಗಿಸುವವರು ತುಂಬಿದ ಟ್ಯಾಂಕರುಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. ಕಂಪ್ಯೂಟರ್ ನಿಂತರೂ ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲವಷ್ಟೆ.

ಮೂರು: 2024ರ ಜುಲೈ 31ರಂದು ನಮ್ಮ ದೇಶದಲ್ಲೇ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದದ್ದು ಬೆಳಕಿಗೆ ಬಂತು. ಆ ಸಂಸ್ಥೆ ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರ್ ಸೇವೆ ಕೊಡುತ್ತದೆ. ಸೋಂಕು ಹರಡದಿರಲೆಂದು ಅದನ್ನು ದೇಶದ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಲಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಅಷ್ಟು ಹೊತ್ತು ಯು.ಪಿ.ಐ. ಮೊದಲಾದ ಪಾವತಿಗಳು ನಿಂತವು. ತಪ್ಪು ಆ ಬ್ಯಾಂಕುಗಳದ್ದಾಗಿರಲಿಲ್ಲ. ಅವುಗಳಿಗೆ ಸೇವೆ ಕೊಡುವವರ ಕಡೆಯಿಂದ ತೊಂದರೆ ಬಂದಿತ್ತು.

ನಾಲ್ಕು: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಹೆಸರಾಂತ ರಕ್ಷಣಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಏಳದೆ ಮಲಗಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಕೆಲಸ ಅಸ್ತವ್ಯಸ್ತವಾಯಿತು. ಅಲ್ಲಿ ಕಳ್ಳರು ಯಾರೂ ಬಂದಿರಲಿಲ್ಲ. ದುರುದ್ದೇಶವಿಲ್ಲದಿದ್ದರೂ ಪರಿಣಾಮ ಮಾತ್ರ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಈ ನಾಲ್ಕರಿಂದ ತಿಳಿಯುವುದಿಷ್ಟು: ಚಿಕ್ಕವರೆಂಬ ರಿಯಾಯಿತಿ ಇಲ್ಲ, ಹಳೆಯ ಬಾಗಿಲು ತೆರೆದಿಡಬಾರದು, ಬೇರೆಯವರ ತೊಂದರೆ ನಮಗೂ ಬರಬಹುದು, ಎಷ್ಟೇ ದೊಡ್ಡ ಹೆಸರಿನ ಕಾವಲಾದರೂ ಒಂದು ದಿನ ಕೈಕೊಡಬಹುದು.

ಕಾವಲಿನಲ್ಲಿ ಎಷ್ಟು ಬಗೆ?

ಮಾರುಕಟ್ಟೆಯಲ್ಲಿರುವುದನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು.

1. ಹಳೆಯ ಬಗೆಯ ಆಂಟಿವೈರಸ್. ಇದರ ಬಳಿ ಗೊತ್ತಿರುವ ವೈರಸ್ಸುಗಳ ಗುರುತಿನ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವುದು ಬಂದರೆ ಹಿಡಿಯುತ್ತದೆ. ನಮ್ಮ ಕಾಲುಬಾಯಿ ಜ್ವರದ ಲಸಿಕೆಯನ್ನು ನೆನೆಯಿರಿ. ಅದರಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಸ್ಸಿಗೆ ರಕ್ಷಣೆ ಇದೆ. ಒಂದು ಬಗೆಯ ಲಸಿಕೆ ಇನ್ನೊಂದು ಬಗೆಗೆ ನಾಟುವುದಿಲ್ಲವೆಂದೇ ಮೂರನ್ನೂ ಸೇರಿಸಿದ್ದಾರೆ. ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸುತ್ತೇವೆ. ಕಂಪ್ಯೂಟರಿನ ಪಟ್ಟಿಯನ್ನಾದರೋ ದಿನವೂ ಹೊಸದು ಮಾಡಬೇಕು. ಆದರೂ ಪಟ್ಟಿಗೆ ಇನ್ನೂ ಸೇರದ ಹೊಸ ತಳಿ ಬಂದರೆ ಇದೊಂದೇ ಸಾಲದು.

2. ನಡವಳಿಕೆ ನೋಡುವ ರಕ್ಷಣೆ. ಇದು ಗುರುತಿನ ಪಟ್ಟಿಯ ಜೊತೆಗೆ ವರ್ತನೆಯನ್ನೂ ಗಮನಿಸುತ್ತದೆ. ಯಾವುದೋ ಒಂದು ತಂತ್ರಾಂಶ ಒಂದೇ ನಿಮಿಷದಲ್ಲಿ ನೂರಾರು ಕಡತಗಳನ್ನು ಬದಲಿಸಲು ಹೊರಟರೆ, ಹೆಸರು ಗೊತ್ತಿಲ್ಲದಿದ್ದರೂ ತಡೆಯುತ್ತದೆ. ಪೆನ್‌ಡ್ರೈವ್ ಬಳಕೆಗೆ ಮಿತಿ ಹಾಕಬಹುದು. ಹಲವು ಯಂತ್ರಗಳ ಸ್ಥಿತಿಯನ್ನು ಒಂದೇ ಪರದೆಯಲ್ಲಿ ನೋಡಬಹುದು. ವ್ಯಾಪಾರ ಸಂಸ್ಥೆಗಳಿಗೆಂದು ಮಾರುವ ತಂತ್ರಾಂಶಗಳಲ್ಲಿ ಹೆಚ್ಚಿನವು ಈ ಬಗೆಯವು.

3. ದಾಖಲೆ ಇಟ್ಟು ಎಚ್ಚರಿಸುವ ರಕ್ಷಣೆ. ಇದನ್ನು ಇ.ಡಿ.ಆರ್. ಎನ್ನುತ್ತಾರೆ. ಯಂತ್ರದಲ್ಲಿ ಏನೇನು ನಡೆಯಿತು, ಯಾವುದು ಯಾವುದನ್ನು ತೆರೆಯಿತು ಎಂಬುದನ್ನೆಲ್ಲ ಬರೆದಿಟ್ಟು, ಅನುಮಾನ ಬಂದಾಗ ಎಚ್ಚರಿಕೆ ಕೊಡುತ್ತದೆ. ಸೋಂಕಾದ ಯಂತ್ರವನ್ನು ದೂರದಿಂದಲೇ ಜಾಲದಿಂದ ಬೇರ್ಪಡಿಸಬಹುದು. ಆದರೆ ಎಚ್ಚರಿಕೆ ಬಂದಾಗ ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಮನುಷ್ಯರು ಬೇಕು. ಅಂಥ ಜನರನ್ನೂ ಕಂಪನಿಯೇ ಒದಗಿಸುವ ಏರ್ಪಾಡಿಗೆ ಎಂ.ಡಿ.ಆರ್. ಎನ್ನುತ್ತಾರೆ, ಅದರ ಬೆಲೆ ಬೇರೆ.

ಮೂರನೆಯದೇ ಎಲ್ಲಕ್ಕಿಂತ ಉತ್ತಮವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ರಾತ್ರಿಯೆಲ್ಲ ಬೊಗಳುವ ನಾಯಿ ಇದ್ದು, ಎದ್ದು ಬಂದು ನೋಡುವವರು ಮನೆಯಲ್ಲಿ ಇಲ್ಲದಿದ್ದರೆ ಕೊಟ್ಟಿಗೆಯ ಕರು ಉಳಿಯುವುದಿಲ್ಲ. ಎಚ್ಚರಿಕೆಯನ್ನು ನೋಡುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿ, ಅನಂತರ ಬಗೆಯನ್ನು ಆರಿಸಬೇಕು. ಈ ಪಾಠದ ತಿರುಳೇ ಇದು.

ಕೊಳ್ಳುವ ಮುಂಚೆ ಒಂದು ಪಟ್ಟಿ

ಅಂಗಡಿಗೆ ಹೋಗುವ ಮುಂಚೆ ಸಂಘದಲ್ಲಿ ಕುಳಿತು ಒಂದು ಹಾಳೆಯಲ್ಲಿ ಈ ವಿವರ ಬರೆದುಕೊಳ್ಳಿ.

ಸಂಘದ ಕೆಲಸಕ್ಕೆ ಬಳಸುವ ಯಂತ್ರಗಳು ಎಷ್ಟು? ಹಾಲು ಶೇಖರಣೆಯ ಕಂಪ್ಯೂಟರ್, ಕಚೇರಿಯ ಕಂಪ್ಯೂಟರ್ ಇದ್ದರೆ ಅದು, ಬ್ಯಾಂಕಿನ ಓ.ಟಿ.ಪಿ. ಬರುವ ಮೊಬೈಲ್, ಎಲ್ಲವನ್ನೂ ಸೇರಿಸಿ.

ಪ್ರತಿಯೊಂದರಲ್ಲಿ ಇರುವುದು ಯಾವ ವಿಂಡೋಸ್? ಇದು ಬಹಳ ಮುಖ್ಯ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಯಂತ್ರಗಳಿಗೆ ಮಾತ್ರ ನಿಗದಿತ ಅವಧಿಯವರೆಗೆ ರಕ್ಷಣೆಯ ತಿದ್ದುಪಡಿ ಸಿಗುತ್ತದೆ. ಬೆಂಬಲವಿಲ್ಲದ ವಿಂಡೋಸಿನ ಮೇಲೆ ದುಬಾರಿ ಕಾವಲು ಹಾಕುವುದು, ಗೋಡೆ ಬಿದ್ದ ಕೊಟ್ಟಿಗೆಗೆ ಹಿತ್ತಾಳೆಯ ಬೀಗ ಹಾಕಿದಂತೆ. ಮೊದಲು ವಿಂಡೋಸ್ ಬದಲಿಸಲು ಹಣ ತೆಗೆದಿಡಿ.

ಹಾಲು ಪರೀಕ್ಷೆಯ ತಂತ್ರಾಂಶ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ ಎಂದಾದರೆ ಏನು ಮಾಡುವುದು? ಆ ಕಂಪ್ಯೂಟರನ್ನು ಶೇಖರಣೆಗೆ ಮಾತ್ರ ಬಳಸಿ. ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಬ್ಯಾಂಕಿನ ಕೆಲಸವನ್ನು ಬೆಂಬಲವಿರುವ ಬೇರೆ ಯಂತ್ರದಲ್ಲಿ ಮಾಡಿ. ಎರಡರ ನಡುವೆ ಓಡಾಡುವ ಪೆನ್‌ಡ್ರೈವನ್ನು ಬೇರಾವ ಕೆಲಸಕ್ಕೂ ಬಳಸಬೇಡಿ. ಕದ್ದ ಪ್ರತಿಯ ವಿಂಡೋಸ್ ಅಥವಾ ಬೀಗ ಮುರಿದ ತಂತ್ರಾಂಶ ಇದ್ದರೆ ಮೊದಲು ತೆಗೆಸಿ. ಅನೇಕ ಸಲ ರೋಗ ಬರುವುದೇ ಅದರ ಜೊತೆಯಲ್ಲಿ.

ದೂರದಿಂದ ಯಂತ್ರ ತೆರೆಯುವವರು ಯಾರು? ತೂಕದ ಯಂತ್ರ, ಪರೀಕ್ಷಾ ಯಂತ್ರ ದುರಸ್ತಿ ಮಾಡುವವರು ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿ ತಮ್ಮ ಊರಿನಲ್ಲಿ ಕುಳಿತೇ ಕೆಲಸ ಮುಗಿಸುವ ಪದ್ಧತಿ ಇದೆ. ಅನುಕೂಲವೇನೋ ಹೌದು. ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಬೇಕು. ಮನೆ ರಿಪೇರಿಗೆ ಬಂದವರಿಗೆ ಬೀಗದ ಕೈ ಕೊಟ್ಟು ಮರೆಯುತ್ತೇವೆಯೇ?

ಹೋಲಿಸಿ ನೋಡಬೇಕಾದ ಅಂಶಗಳು

ಹಸು ಕೊಳ್ಳುವಾಗ ತಿಳಿದವರು ಮಾರುವವನ ಮಾತಿಗೆ ಮರುಳಾಗುವುದಿಲ್ಲ. ಮೂರು ಹೊತ್ತು ಎದುರಿಗೇ ಕರೆದು ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಹೆಚ್ಚಿನ ಕಂಪನಿಗಳು ಕೆಲವು ವಾರ ಪರೀಕ್ಷಾರ್ಥವಾಗಿ ಬಳಸಲು ಬಿಡುತ್ತವೆ. ಆ ಅವಧಿಯಲ್ಲಿ ಈ ಅಂಶಗಳನ್ನು ಗಮನಿಸಿ.

ಹಿಡಿಯುವ ಶಕ್ತಿ. ಕಂಪನಿಯ ಜಾಹೀರಾತನ್ನು ನಂಬಬೇಡಿ. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಎ.ವಿ.-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಎ.ವಿ.-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾ ಸಂಸ್ಥೆಗಳು ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳನ್ನು ಒರೆಗೆ ಹಚ್ಚಿ ಫಲಿತಾಂಶ ಪ್ರಕಟಿಸುತ್ತವೆ. ಅದರಲ್ಲಿ ಮೂರು ವಿಷಯ ನೋಡಿ: ಎಷ್ಟು ಹಿಡಿಯಿತು, ಯಂತ್ರವನ್ನು ಎಷ್ಟು ನಿಧಾನ ಮಾಡಿತು, ನಿರಪರಾಧಿಯನ್ನು ಎಷ್ಟು ಸಲ ಕಳ್ಳನೆಂದು ಕೂಗಿತು. ಒಂದೇ ಸಲದ ಫಲಿತಾಂಶ ನೋಡದೆ ಎರಡು ಮೂರು ವರ್ಷದ್ದನ್ನು ನೋಡಿ.

ಹಾಲಿನ ತಂತ್ರಾಂಶದ ಜೊತೆ ಹೊಂದಾಣಿಕೆ. ನಮ್ಮ ಶೇಖರಣಾ ತಂತ್ರಾಂಶಗಳನ್ನು ಸಣ್ಣ ಸಣ್ಣ ಸಂಸ್ಥೆಗಳು ಬರೆದಿರುತ್ತವೆ. ಜಗತ್ತಿನ ದೊಡ್ಡ ಕಂಪನಿಗಳಿಗೆ ಅವುಗಳ ಪರಿಚಯ ಇರುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿರುವಾಗ ಕಾವಲಿನ ತಂತ್ರಾಂಶ ಹಾಲಿನ ತಂತ್ರಾಂಶವನ್ನೇ ಕಳ್ಳನೆಂದು ಹಿಡಿದು ಕೂಡಿಹಾಕಿದರೆ ಫಜೀತಿ. ಆದ್ದರಿಂದ ಪರೀಕ್ಷೆಯನ್ನು ಶೇಖರಣೆಯ ಹೊತ್ತಿನಲ್ಲೇ ಮಾಡಿ. ವಿನಾಯಿತಿ ಕೊಡಬೇಕಾಗಿ ಬಂದರೆ ಆ ಒಂದು ತಂತ್ರಾಂಶಕ್ಕೆ ಮಾತ್ರ ಕೊಡಿಸಿ. ಇಡೀ ಡಿಸ್ಕಿಗೆ ವಿನಾಯಿತಿ ಕೊಟ್ಟರೆ ಕಾವಲು ಇದ್ದೂ ಇಲ್ಲದಂತೆ.

ಇಂಟರ್‌ನೆಟ್ ಇಲ್ಲದಾಗ. ಸರಗೂರು, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜಾಲ ಕಡಿದಾಗಲೂ ಯಂತ್ರವನ್ನು ಕಾಯುತ್ತದೆಯೇ? ನವೀಕರಣಕ್ಕೆ ದಿನಕ್ಕೆ ಎಷ್ಟು ಡೇಟಾ ಬೇಕು? ಶೇಖರಣೆಯ ಹೊತ್ತು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ನವೀಕರಣ ಇಟ್ಟುಕೊಳ್ಳಬಹುದೇ?

ಹಂತ ಹಂತದ ನವೀಕರಣ. 2024ರ ಜುಲೈ 19ರ ಪಾಠ ಇಲ್ಲಿ ಬೇಕು. ತಂತ್ರಾಂಶದ ಹೊಸ ಆವೃತ್ತಿಯನ್ನು ಮೊದಲು ನಾಲ್ಕಾರು ಸಂಘಗಳಲ್ಲಿ ಹಾಕಿ ನೋಡಿ, ಸರಿಯಿದ್ದರೆ ಉಳಿದವಕ್ಕೆ ಹಾಕುವ ಸೌಲಭ್ಯ ಇದೆಯೇ ಎಂದು ಕೇಳಿ.

ಯಾರೂ ಆರಿಸದಂತೆ ಬೀಗ. ಕಂಪ್ಯೂಟರ್ ನಿಧಾನವಾಯಿತೆಂದು ಯಾರೋ ಹುಡುಗರು ಕಾವಲನ್ನೇ ಆರಿಸಿ ಹೋಗುವುದುಂಟು. ಒಳನುಗ್ಗಿದ ಕಳ್ಳನೂ ಮೊದಲು ಮಾಡುವುದು ಅದನ್ನೇ. ಗುಪ್ತಪದವಿಲ್ಲದೆ ಆರಿಸಲು ಬರಬಾರದು.

ಸಹಾಯ. ತೊಂದರೆಯಾದಾಗ ಯಾರಿಗೆ ಫೋನ್ ಮಾಡಬೇಕು? ಅವರು ಕನ್ನಡದಲ್ಲಿ ಮಾತನಾಡುತ್ತಾರೆಯೇ? ಬೆಳಿಗ್ಗೆ ಆರಕ್ಕೆ ಫೋನ್ ಎತ್ತುತ್ತಾರೆಯೇ? ಕೊಳ್ಳುವ ಮುಂಚೆಯೇ ಒಂದು ದಿನ ಬೆಳಿಗ್ಗೆ ಫೋನ್ ಮಾಡಿ ನೋಡಿ. ಉತ್ತರ ಸಿಕ್ಕಿದರೆ ಅದೇ ಪ್ರಮಾಣಪತ್ರ.

ಬೆಲೆ. ಮೊದಲ ವರ್ಷದ ರಿಯಾಯಿತಿ ನೋಡಿ ಒಪ್ಪಬೇಡಿ. ಮೂರು ವರ್ಷದ ಒಟ್ಟು ಖರ್ಚು ಬರೆಸಿಕೊಳ್ಳಿ. ಯಂತ್ರ ಬದಲಿಸಿದರೆ ಪರವಾನಗಿ ಹೊಸ ಯಂತ್ರಕ್ಕೆ ಹೋಗುತ್ತದೆಯೇ, ಮೊಬೈಲ್ ಸೇರಿದೆಯೇ ಎಂದು ಕೇಳಿ.

ಇನ್ನೊಂದು ಮಾತು. ಒಂದೇ ಯಂತ್ರಕ್ಕೆ ಎರಡು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ರಕ್ಷಣೆ ಸಿಗುವುದಿಲ್ಲ. ಅವು ಒಂದನ್ನೊಂದು ಅನುಮಾನಿಸುತ್ತ ಯಂತ್ರವನ್ನು ನಿಲ್ಲಿಸಿಬಿಡುತ್ತವೆ.

ಅಂಕ ಹಾಕುವ ಕ್ರಮ

ಮೇಲಿನದನ್ನು 100 ಅಂಕಗಳಿಗೆ ಹಂಚಿಕೊಳ್ಳೋಣ: ಹಿಡಿಯುವ ಶಕ್ತಿಗೆ 30, ಹಾಲಿನ ತಂತ್ರಾಂಶದ ಹೊಂದಾಣಿಕೆಗೆ 25, ಸಹಾಯ ಮತ್ತು ಎಚ್ಚರಿಕೆ ನೋಡುವವರಿಗೆ 20, ಹಲವು ಸಂಘಗಳನ್ನು ಒಂದೇ ಕಡೆ ನೋಡುವ ಸೌಲಭ್ಯಕ್ಕೆ 15, ಬೆಲೆಗೆ 10. ಕೆಳಗಿನದು ಕಲಿಕೆಗಾಗಿ ಮಾಡಿದ ಕಲ್ಪಿತ ಉದಾಹರಣೆ. ಯಾವ ಕಂಪನಿಯ ಅಂಕವೂ ಅಲ್ಲ.

ಮೊದಲ ಆಯ್ಕೆ, ವಿಂಡೋಸ್ ಜೊತೆ ಬಂದ ಉಚಿತ ಕಾವಲನ್ನು ಸರಿಯಾಗಿ ಹೊಂದಿಸಿಕೊಳ್ಳುವುದು: 20, 23, 5, 3, 10. ಒಟ್ಟು 61.

ಎರಡನೆಯ ಆಯ್ಕೆ, ವ್ಯಾಪಾರ ಸಂಸ್ಥೆಗಳಿಗಾಗಿ ಮಾರುವ ನಡವಳಿಕೆ ನೋಡುವ ರಕ್ಷಣೆ: 25, 20, 16, 13, 6. ಒಟ್ಟು 80.

ಮೂರನೆಯ ಆಯ್ಕೆ, ಇ.ಡಿ.ಆರ್. ಇದ್ದು, ಎಚ್ಚರಿಕೆ ನೋಡುವವರು ಇಲ್ಲದಿರುವುದು: 29, 17, 8, 14, 2. ಒಟ್ಟು 70.

ಹಿಡಿಯುವ ಶಕ್ತಿಯಲ್ಲಿ ಮೊದಲಿದ್ದರೂ ಮೂರನೆಯದು ಹಿಂದೆ ಬಿತ್ತು. ಈಗ ಎಚ್ಚರಿಕೆಗಳನ್ನು ನೋಡಲು ಹಲವು ಸಂಘಗಳು ಸೇರಿ ಒಬ್ಬ ತರಬೇತಾದ ನೌಕರನನ್ನು ನೇಮಿಸಿದರೆ, ಸಹಾಯದ 8 ಅಂಕ 18 ಆಗುತ್ತದೆ. ಒಟ್ಟು 80 ಆಗಿ ಎರಡನೆಯದಕ್ಕೆ ಸಮವಾಗುತ್ತದೆ. ತಂತ್ರಾಂಶ ಅದೇ, ನೋಡುವ ಕಣ್ಣು ಬಂದದ್ದೇ ವ್ಯತ್ಯಾಸ. ನಿಮ್ಮ ಸಂಘದ ಪರಿಸ್ಥಿತಿಗೆ ತಕ್ಕಂತೆ ಅಂಕಗಳನ್ನು ನೀವೇ ಹಾಕಿಕೊಳ್ಳಬೇಕು.

ಇಲ್ಲಿ ಸಹಕಾರ ತತ್ವದ ಬಲ ಕಾಣುತ್ತದೆ. ಒಂದು ಸಂಘ ಒಂದು ಪರವಾನಗಿ ಕೊಂಡರೆ ಅಂಗಡಿಯ ಬೆಲೆ ಕೊಡಬೇಕು. ಹಲವು ಸಂಘಗಳು ಸೇರಿ ಒಟ್ಟಿಗೆ ಕೇಳಿದರೆ ಬೆಲೆಯೂ ಇಳಿಯುತ್ತದೆ, ನೋಡಿಕೊಳ್ಳಲು ಒಬ್ಬರನ್ನು ಇಡುವುದೂ ಸಾಧ್ಯವಾಗುತ್ತದೆ. ಹಾಲನ್ನು ಒಟ್ಟುಗೂಡಿಸಿ ಮಾರಲು ಕಲಿತ ನಮಗೆ ಕಾವಲನ್ನು ಒಟ್ಟುಗೂಡಿಸಿ ಕೊಳ್ಳುವುದು ಹೊಸ ವಿದ್ಯೆಯೇನಲ್ಲ.

ಹಣವೇ ಇಲ್ಲದ ಚಿಕ್ಕ ಸಂಘಗಳು ಕೈಕಟ್ಟಿ ಕೂರಬೇಕಾಗಿಲ್ಲ. ಬೆಂಬಲವಿರುವ ವಿಂಡೋಸ್ ಇದ್ದು, ಅದರ ಜೊತೆಗಿನ ಡಿಫೆಂಡರ್ ಚಾಲ್ತಿಯಲ್ಲಿದ್ದು, ನವೀಕರಣ ನಿಲ್ಲದೆ ನಡೆಯುತ್ತಿದ್ದು, ಪ್ರತಿ ಇಡುವ ಅಭ್ಯಾಸವಿದ್ದರೆ ಅದು ಒಳ್ಳೆಯ ಆರಂಭ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಸೋಂಕು ತೆಗೆಯುವ ಸಲಕರಣೆಗಳನ್ನು ಉಚಿತವಾಗಿ ಕೊಡುತ್ತಿದೆ.

ಯಾವ ಕಾವಲೂ ಮಾಡದ ಕೆಲಸ

ಎಷ್ಟು ಬೆಲೆಯ ತಂತ್ರಾಂಶವಾದರೂ ಕಳೆದುಹೋದ ಲೆಕ್ಕವನ್ನು ಹುಟ್ಟಿಸಲಾರದು. ಅದಕ್ಕೆ ಇರುವ ಮದ್ದು ಇನ್ನೊಂದು ಪ್ರತಿ. ಸಂಜೆಯ ಶೇಖರಣೆ ಮುಗಿದ ಮೇಲೆ ದಿನವೂ ಲೆಕ್ಕದ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆಯಬೇಕು. ತೆಗೆದ ಕೂಡಲೇ ಆ ಡಿಸ್ಕನ್ನು ಕಂಪ್ಯೂಟರಿನಿಂದ ಕೀಳಬೇಕು. ಜೋಡಿಸಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ವಾರಕ್ಕೊಂದು ಪ್ರತಿ ಸಂಘದ ಕಟ್ಟಡದ ಹೊರಗೆ, ಆಡಳಿತ ಮಂಡಳಿ ಗೊತ್ತುಪಡಿಸಿದ ಜಾಗದಲ್ಲಿ ಇರಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು, ಲೆಕ್ಕ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ.

ತಂತ್ರಾಂಶ ಮಾಡದ ಇನ್ನೊಂದು ಕೆಲಸವಿದೆ. ಒಳಗಿನವರೇ ತಪ್ಪು ಫ್ಯಾಟ್ ನಮೂದಿಸಿದರೆ ಯಾವ ಆಂಟಿವೈರಸ್ಸೂ ಬೊಗಳುವುದಿಲ್ಲ. ಒಬ್ಬೊಬ್ಬ ನೌಕರರಿಗೂ ಪ್ರತ್ಯೇಕ ಗುಪ್ತಪದ ಇರಬೇಕು. ಲೆಕ್ಕ ತಿದ್ದಿದರೆ ಯಾರು, ಯಾವಾಗ ತಿದ್ದಿದರು ಎಂಬುದು ದಾಖಲಾಗಬೇಕು. ಲೆಕ್ಕಪರಿಶೋಧನೆಯಲ್ಲಿ ಅದನ್ನು ನೋಡಬೇಕು.

ಕೊನೆಯದಾಗಿ ನಿಮ್ಮ ಕೈಯಲ್ಲೇ ಇರುವ ಕಾವಲೆಂದರೆ ಆ ಸಣ್ಣ ಚೀಟಿ. ಅದನ್ನು ಸಂಘದ ಬಾಗಿಲಲ್ಲೇ ಹರಿದು ಬಿಸಾಡಬೇಡಿ. ಬಟವಾಡೆ ಆಗಿ, ಹಣ ತಾಳೆಯಾಗುವವರೆಗೆ ಡಬ್ಬಿಯಲ್ಲಿ ಹಾಕಿಡಿ. ಕಂಪ್ಯೂಟರಿನ ಲೆಕ್ಕ ಹೋದ ದಿನ 120 ಮನೆಗಳ ಚೀಟಿ ಸೇರಿದರೆ ಇಡೀ ವಾರದ ಪುಸ್ತಕವನ್ನು ಮತ್ತೆ ಬರೆಯಬಹುದು.

ಮೊಬೈಲ್ ಮರೆಯಬೇಡಿ

ಸಂಘದ ಖಾತೆಯ ಓ.ಟಿ.ಪಿ. ಬರುವ ಮೊಬೈಲ್ ಕೂಡ ತುದಿಯ ಯಂತ್ರವೇ. ಮದುವೆಯ ಕರೆಯೋಲೆ, ಪಿಎಂ ಕಿಸಾನ್ ಹಣ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ‘ಎಪಿಕೆ’ ಎಂದು ಕೊನೆಯಾಗುವ ಕಡತಗಳು ಬರುತ್ತವೆ. ಅದನ್ನು ತೆರೆದು ಹಾಕಿಕೊಂಡು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಓ.ಟಿ.ಪಿ. ಸಂದೇಶಗಳು ಕಳ್ಳರ ಕೈಗೆ ಹೋಗುತ್ತವೆ. ಆ್ಯಪ್‌ಗಳನ್ನು ಪ್ಲೇಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಿ. ಸಾಧ್ಯವಾದರೆ ಸಂಘದ ಖಾತೆಗೆಂದೇ ಬೇರೆ ಮೊಬೈಲ್ ಇಡಿ. ಅದು ಮಕ್ಕಳ ಆಟಕ್ಕೆ ಸಿಗಬಾರದು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಆಂಡ್ರಾಯ್ಡ್ ಮೊಬೈಲುಗಳ ರಕ್ಷಣೆಗೆಂದು ಎಂ-ಕವಚ್ 2 ಎಂಬ ಆ್ಯಪ್ ರೂಪಿಸಿದೆ.

ತೊಂದರೆ ಕಾಣಿಸಿದಾಗ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಕೆಳಗಿನ ಕ್ರಮವನ್ನು ಈಗಲೇ ಬರೆದು ಸಂಘದ ಗೋಡೆಗೆ ಅಂಟಿಸಿಡಿ.

1. ಪರದೆಯ ಮೇಲೆ ಹಣ ಕೇಳುವ ಬರಹ ಕಂಡರೆ, ಕಡತಗಳ ಹೆಸರು ತಾವಾಗಿ ಬದಲಾಗುತ್ತಿದ್ದರೆ, ಮೊದಲು ಇಂಟರ್‌ನೆಟ್ ತಂತಿ ಕೀಳಿ, ವೈಫೈ ಆರಿಸಿ.

2. ಯಂತ್ರವನ್ನು ಫಾರ್ಮ್ಯಾಟ್ ಮಾಡಬೇಡಿ, ಮಾಡಿಸಬೇಡಿ. ಸಾಕ್ಷ್ಯವೂ ಹೋಗುತ್ತದೆ, ಉಳಿಸಬಹುದಾಗಿದ್ದ ಲೆಕ್ಕವೂ ಹೋಗುತ್ತದೆ.

3. ಅಂದಿನ ಶೇಖರಣೆಯನ್ನು ಕೈಬರಹದ ಪುಸ್ತಕದಲ್ಲಿ ನಡೆಸಿ. ಒಂದು ಖಾಲಿ ಪುಸ್ತಕ, ಕೈಯಿಂದ ಬರೆಯುವ ಚೀಟಿ ಪುಸ್ತಕ ಸದಾ ಸಂಘದಲ್ಲಿರಲಿ.

4. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿಯೂ ದೂರು ಕೊಡಬಹುದು. ಇಂಥ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೂ ದೂರು ಕೊಡಬಹುದು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

5. ಒಕ್ಕೂಟಕ್ಕೆ ಅದೇ ಹೊತ್ತಿನಲ್ಲಿ ತಿಳಿಸಿ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಮರ್ಯಾದೆ ಹೋಗುತ್ತದೆಂದು ಮುಚ್ಚಿಟ್ಟರೆ ಪಕ್ಕದ ಸಂಘಕ್ಕೂ ರೋಗ ಹರಡುತ್ತದೆ.

6. ಕೇಳಿದ ಹಣ ಕೊಡಬೇಡಿ. ಕೊಟ್ಟರೂ ಬೀಗ ತೆಗೆಯುತ್ತಾರೆಂಬ ಖಾತರಿ ಇಲ್ಲ.

ಸರ್ವ ಸದಸ್ಯರ ಸಭೆಯಲ್ಲಿ ಕೇಳಿ

ಈ ಪಾಠವನ್ನು ಓದಿದ ಮೇಲೆ ಪ್ರತಿಯೊಬ್ಬ ಸದಸ್ಯರೂ ಮುಂದಿನ ಸಭೆಯಲ್ಲಿ ಈ ಐದು ಪ್ರಶ್ನೆ ಕೇಳಬಹುದು. ಉತ್ತರ ಪಡೆಯುವುದು ನಿಮ್ಮ ಹಕ್ಕು.

ನಮ್ಮ ಸಂಘದ ಕಂಪ್ಯೂಟರಿನಲ್ಲಿರುವುದು ಯಾವ ವಿಂಡೋಸ್, ಅದಕ್ಕೆ ಬೆಂಬಲ ಇದೆಯೇ?

ಕಾವಲಿನ ತಂತ್ರಾಂಶ ಯಾವುದು, ಅದರ ಅವಧಿ ಎಂದಿಗೆ ಮುಗಿಯುತ್ತದೆ?

ಅದು ಎಚ್ಚರಿಕೆ ಕೊಟ್ಟರೆ ನೋಡುವವರು ಯಾರು?

ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ, ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಎಂದು?

ಕಂಪ್ಯೂಟರ್ ನಾಳೆ ಬೆಳಿಗ್ಗೆ ಏಳದಿದ್ದರೆ ಹಾಲು ಹೇಗೆ ತೆಗೆದುಕೊಳ್ಳುತ್ತೀರಿ?

ಪ್ರಶ್ನೆ ಕೇಳುವುದೆಂದರೆ ಕಾರ್ಯದರ್ಶಿಯವರ ಮೇಲೆ ಅನುಮಾನ ಪಡುವುದೆಂದಲ್ಲ. ಅವರೊಬ್ಬರೇ ಹೊತ್ತಿರುವ ಭಾರಕ್ಕೆ ಹೆಗಲು ಕೊಟ್ಟಂತೆ. ಐದಕ್ಕೂ ಉತ್ತರ ಸಿಕ್ಕಿದ ಸಂಘ ಯಾವ ಕಂಪನಿಯ ತಂತ್ರಾಂಶ ಕೊಂಡರೂ ಅರ್ಧ ಗೆದ್ದಂತೆ. ಉತ್ತರ ಸಿಗದ ಪ್ರಶ್ನೆ ಯಾವುದೋ, ನಿಮ್ಮ ಸಂಘದ ಕೆಲಸ ಅಲ್ಲಿಂದ ಆರಂಭವಾಗಲಿ.